ಮೆಟ್ಟಿಲುಗಳ ಮಾಪನ: ಅಂತಾರಾಷ್ಟ್ರೀಯ ಶಾಲೆಗಳ ಡಿಜಿಟಲ್ ನೇತೃತ್ವ ಮತ್ತು ಮೌಖಿಕ ಕಲಿಕೆಯ ಪ್ರಶ್ನೆ

ಜಾನಪದ ಅಧ್ಯಯನವೆಂದರೆ ಹಾಡು, ಕಥೆ, ಕುಣಿತಗಳ ಸಂಗ್ರಹವಷ್ಟೇ ಅಲ್ಲ. ತಿಳಿವಳಿಕೆಯು ಒಬ್ಬರಿಂದ ಮತ್ತೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದರ ಶೋಧವೂ ಹೌದು. ಆದ್ದರಿಂದ ಶಾಲೆಯಾಗಲಿ ಅದರ ಸಾಧನಗಳಾಗಲಿ ಜಾನಪದ ವಿದ್ವಾಂಸರ ಪರಿಶೀಲನೆಗೆ ಹೊರತಾದ ವಿಷಯಗಳಲ್ಲ. ಅಂತಾರಾಷ್ಟ್ರೀಯ ಶಾಲೆಗಳೆಂದು ಕರೆಯಿಸಿಕೊಳ್ಳುವ ಸಂಸ್ಥೆಗಳಲ್ಲಿ ಡಿಜಿಟಲ್ ಕಲಿಕಾ ಸಾಧನಗಳ ಬಳಕೆಯನ್ನು ಮುನ್ನಡೆಸುವ ಬಗೆಗೆ ಕಳೆದ ಎರಡು ದಶಕಗಳಲ್ಲಿ ಒಂದು ಪ್ರತ್ಯೇಕ ಚಿಂತನಾಕ್ರಮವೇ ಬೆಳೆದಿದೆ. ಅದಕ್ಕೆ ತನ್ನದೇ ಆದ ಪರಿಭಾಷೆ, ಮಾನದಂಡ, ಮಾದರಿಗಳಿವೆ. ಆ ಚಿಂತನೆಯು ಕಲಿಕೆಯನ್ನು ಯಾವ ಕೋಲಿನಿಂದ ಅಳೆಯುತ್ತದೆ, ಆ ಅಳತೆಗೆ ಸಿಕ್ಕದೆ ಉಳಿಯುವುದು ಯಾವುದು ಎಂಬುದನ್ನು ಮೌಖಿಕ ಪರಂಪರೆಯ ಅಧ್ಯಯನದ ನೆಲೆಯಿಂದ ಇಲ್ಲಿ ಪರಿಶೀಲಿಸಲಾಗಿದೆ.

1924ರಲ್ಲಿ ಜಿನೀವಾ ನಗರದಲ್ಲಿ ಲೀಗ್ ಆಫ್ ನೇಷನ್ಸ್ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ಸಿಬ್ಬಂದಿಯ ಮಕ್ಕಳಿಗಾಗಿ ಆರಂಭವಾದ ಶಾಲೆಯನ್ನು ಈ ಪರಂಪರೆಯ ಮೊದಲ ಸಂಸ್ಥೆಗಳಲ್ಲಿ ಒಂದೆಂದು ಗುರುತಿಸಲಾಗುತ್ತದೆ. ಅದೇ ನಗರದಲ್ಲಿ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ (ಐ.ಬಿ.) ಸಂಸ್ಥೆ ರೂಪುಗೊಂಡಿತು. ಮಿಷನರಿಗಳ ಮಕ್ಕಳಿಗಾಗಿ 1901ರಲ್ಲಿ ತೆರೆದ ಕೊಡೈಕೆನಾಲ್ ಶಾಲೆ 1976ರಲ್ಲಿ ಭಾರತಕ್ಕೆ ಈ ಪಠ್ಯಕ್ರಮವನ್ನು ತಂದಿತು. ತಂದೆತಾಯಿಯರ ಉದ್ಯೋಗದೊಂದಿಗೆ ದೇಶದಿಂದ ದೇಶಕ್ಕೆ ಸಾಗುವ ಮಗುವಿಗೆ ಕಲಿಕೆಯ ಎಳೆ ತುಂಡಾಗದಂತೆ ನೋಡಿಕೊಳ್ಳುವುದು ಈ ಶಾಲೆಗಳ ಮೂಲ ಉದ್ದೇಶವಾಗಿತ್ತು. ಬೆಂಗಳೂರಿನಂತಹ ನಗರಗಳಲ್ಲಿ ಇಂದು ಇವುಗಳಿಗೆ ಊರುಬಿಡದ ಸ್ಥಿತಿವಂತ ಕುಟುಂಬಗಳ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ; ಹೆಸರಿನಲ್ಲಿರುವ ‘ಅಂತಾರಾಷ್ಟ್ರೀಯ’ ಎಂಬುದು ಮಗುವಿನ ಪಯಣಕ್ಕಿಂತ ಹೆಚ್ಚಾಗಿ ಪಾಲಕರ ಆಕಾಂಕ್ಷೆಯನ್ನು ಸೂಚಿಸುತ್ತದೆ. ಅದೇನೇ ಇರಲಿ, ಊರು ಬದಲಾದರೂ ಬದಲಾಗದ ಪಠ್ಯ, ಕಡತ, ಅಂಕಗಳ ಅಗತ್ಯವಿದ್ದ ಈ ಶಾಲೆಗಳಿಗೆ ಡಿಜಿಟಲ್ ಸಾಧನಗಳು ಬಲುಬೇಗ ಒಗ್ಗಿದವು. ಅವುಗಳ ಬಳಕೆಯನ್ನು ನೋಡಿಕೊಳ್ಳಲು ತಂತ್ರಜ್ಞಾನ ಸಂಯೋಜಕ, ಡಿಜಿಟಲ್ ಕಲಿಕೆಯ ನಿರ್ದೇಶಕ ಎಂಬ ಹುದ್ದೆಗಳೂ ಹುಟ್ಟಿಕೊಂಡವು.

ಈ ಹುದ್ದೆಗಳಿಗೆ ತಾತ್ವಿಕ ಚೌಕಟ್ಟನ್ನು ಒದಗಿಸಿದ ಪಠ್ಯಗಳಲ್ಲಿ ಅಮೆರಿಕದ ಇಸ್ಟೆ ಸಂಸ್ಥೆಯ ಮಾನದಂಡಗಳು ಮುಖ್ಯವಾದವು. ಶಾಲಾ ಆಡಳಿತಗಾರರಿಗಾಗಿ 2002ರಲ್ಲಿ ಪ್ರಕಟವಾದ ಇವು 2009ರಲ್ಲಿಯೂ 2018ರಲ್ಲಿಯೂ ಪರಿಷ್ಕೃತವಾದವು. 2018ರ ಆವೃತ್ತಿಯು ಶಿಕ್ಷಣ ನಾಯಕನಿಗೆ ಐದು ಪಾತ್ರಗಳನ್ನು ವಹಿಸುತ್ತದೆ: ಸಮಾನತೆ ಮತ್ತು ಪೌರತ್ವದ ಪ್ರತಿಪಾದಕ, ದೂರದೃಷ್ಟಿಯ ಯೋಜಕ, ಇತರರನ್ನು ಸಬಲಗೊಳಿಸುವ ನಾಯಕ, ವ್ಯವಸ್ಥೆಯ ವಿನ್ಯಾಸಕಾರ ಮತ್ತು ಇತರರೊಡನೆ ಬೆಸೆದುಕೊಂಡ ಕಲಿಕಾರ್ಥಿ. ಪಟ್ಟಿ ಉದಾತ್ತವಾಗಿದೆ. ಆದರೆ ನಾಯಕನೂ ಕಲಿಯುವವನೇ ಎಂಬ ಮಾತಿಗೆ ಅಲ್ಲಿ ಸಿಕ್ಕಿರುವುದು ಕೊನೆಯ ಸ್ಥಾನ ಎಂಬುದನ್ನು ಗಮನಿಸದೆ ಇರಲಾಗದು.

ನಿತ್ಯದ ಬಳಕೆಯಲ್ಲಿ ಈ ಮಾನದಂಡಗಳಿಗಿಂತ ಹೆಚ್ಚು ಪ್ರಭಾವ ಬೀರಿರುವುದು ರೂಬೆನ್ ಪ್ವೆಂಟೆಡುರಾ ರೂಪಿಸಿದ ‘ಸ್ಯಾಮರ್’ ಮಾದರಿ. ತಂತ್ರಜ್ಞಾನವು ಹಳೆಯ ಸಾಧನದ ಜಾಗದಲ್ಲಿ ಬಂದು ಕೂರುವುದು ಇದರ ಕೆಳಗಿನ ಮೆಟ್ಟಿಲು. ಹಳೆಯ ಕೆಲಸಕ್ಕೆ ಒಂದಿಷ್ಟು ಅನುಕೂಲ ಕೂಡಿಸುವುದು ಎರಡನೆಯದು, ಕೆಲಸದ ಸ್ವರೂಪವನ್ನೇ ಮಾರ್ಪಡಿಸುವುದು ಮೂರನೆಯದು, ಮೊದಲು ಸಾಧ್ಯವೇ ಇಲ್ಲದಿದ್ದ ಕೆಲಸವನ್ನು ಸಾಧ್ಯಗೊಳಿಸುವುದು ನಾಲ್ಕನೆಯದು. ನೆನಪಿಡಲು ಸುಲಭ, ಗೋಡೆಗೆ ಅಂಟಿಸಲು ಅನುಕೂಲ, ಶಿಕ್ಷಕರ ಪಾಠವನ್ನು ನೋಡಿ ಮೌಲ್ಯಮಾಪನ ಮಾಡಲು ಇನ್ನೂ ಅನುಕೂಲ. ಇದರ ಜನಪ್ರಿಯತೆಗೆ ಬೇರೆ ಕಾರಣ ಹುಡುಕಬೇಕಿಲ್ಲ. ಹ್ಯಾಮಿಲ್ಟನ್, ರೋಸೆನ್‌ಬರ್ಗ್ ಮತ್ತು ಅಕ್ಚಾವ್ಲು ಅವರು 2016ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಈ ಮಾದರಿಯ ಮೂರು ಕೊರತೆಗಳನ್ನು ಎತ್ತಿತೋರಿಸಿದರು: ಇದರಲ್ಲಿ ಸಂದರ್ಭಕ್ಕೆ ಸ್ಥಾನವಿಲ್ಲ, ಶ್ರೇಣಿಯು ಬಿಗಿಯಾಗಿದೆ, ಕಲಿಕೆಯ ಪ್ರಕ್ರಿಯೆಗಿಂತ ಉತ್ಪನ್ನಕ್ಕೆ ಒತ್ತು ಬಿದ್ದಿದೆ.

ಮೊದಲ ಆಕ್ಷೇಪವು ಜಾನಪದ ವಿದ್ವಾಂಸರಿಗೆ ಹೊಸದಲ್ಲ. ಹೆಣಿಗೆ, ಪಠ್ಯ, ಸಂದರ್ಭ ಎಂಬ ಮೂರು ನೆಲೆಗಳನ್ನು ಒಟ್ಟಿಗೆ ನೋಡದೆ ಜನಪದ ಅಭಿವ್ಯಕ್ತಿಯನ್ನು ವಿವರಿಸಲಾಗದೆಂದು ಅಲನ್ ಡಂಡೆಸ್ 1964ರಲ್ಲಿಯೇ ವಾದಿಸಿದ್ದರು. ಈ ತಿಳಿವಿನಿಂದ ಒಂದು ಕಲ್ಪಿತ ನಿದರ್ಶನವನ್ನು ನೋಡಬಹುದು. ಬೆಂಗಳೂರಿನ ಅಂತಾರಾಷ್ಟ್ರೀಯ ಶಾಲೆಯೊಂದರಲ್ಲಿ ಮನೆಯ ಕಥೆಯೊಂದನ್ನು ತರುವಂತೆ ಮಕ್ಕಳಿಗೆ ಹೇಳಲಾಗಿದೆ ಎಂದಿಟ್ಟುಕೊಳ್ಳೋಣ. ಒಂದು ಮಗು ಅಜ್ಜಿ ಹೇಳಿದ ಕಾಗಕ್ಕ-ಗುಬ್ಬಕ್ಕನ ಕಥೆಯ ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆದು, ಚಲಿಸುವ ಚಿತ್ರಗಳನ್ನೂ ಸಂಗೀತವನ್ನೂ ಜೋಡಿಸಿ, ಬೇರೆ ದೇಶದ ಶಾಲೆಯ ಮಕ್ಕಳೊಂದಿಗೆ ಹಂಚಿಕೊಳ್ಳುತ್ತದೆ. ಇನ್ನೊಂದು ಮಗು ಅಜ್ಜಿಯ ದನಿಯನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ನಾಲ್ಕು ದಿನ ಕೇಳಿ, ಗುಬ್ಬಕ್ಕ ಬಾಗಿಲು ತೆರೆಯದೆ ಒಂದೊಂದೇ ನೆಪ ಹೇಳುವಲ್ಲಿ ಅಜ್ಜಿ ಎಲ್ಲಿ ತಡೆಯುತ್ತಾಳೆ, ಎಲ್ಲಿ ದನಿ ಇಳಿಸುತ್ತಾಳೆ ಎಂಬುದನ್ನು ಹಿಡಿದು, ಐದನೆಯ ದಿನ ತರಗತಿಯೆದುರು ಕನ್ನಡದಲ್ಲಿಯೇ ಕಥೆ ಹೇಳುತ್ತದೆ. ಸ್ಯಾಮರ್ ಕೋಲಿನಿಂದ ಅಳೆದರೆ ಮೊದಲ ಮಗುವಿನ ಕೆಲಸ ನಾಲ್ಕನೆಯ ಮೆಟ್ಟಿಲಿನಲ್ಲಿದೆ. ಎರಡನೆಯ ಮಗುವಿನದು ಕೆಳಮೆಟ್ಟಿಲನ್ನು ದಾಟಿದ್ದರೆ ಹೆಚ್ಚು. ಫೋನು ಅಲ್ಲಿ ಟೇಪ್‌ರೆಕಾರ್ಡರಿನ ಬದಲಿಗೆ ಬಂದಿದೆ, ಅಷ್ಟೆ. ಕಥೆಗಾರರಾಗಿರುವುದು ಮಾತ್ರ ಎರಡನೆಯ ಮಗು. ಮೊದಲನೆಯ ಮಗು ಏನನ್ನೂ ಕಲಿತಿಲ್ಲವೆಂದು ಇದರ ಅರ್ಥವಲ್ಲ. ಕಲಿತದ್ದು ಬೇರೆ, ಮತ್ತು ಆ ಬೇರೆಯದನ್ನೇ ಮೇಲಿನದೆಂದು ಮಾದರಿಯು ಮೊದಲೇ ತೀರ್ಮಾನಿಸಿಬಿಟ್ಟಿದೆ.

ಈ ತೊಡಕಿನ ಮೂಲ ಸ್ಪಷ್ಟವಾಗಿದೆ. ಸ್ಯಾಮರ್ ಮಾದರಿಯ ಮೆಟ್ಟಿಲುಗಳು ಸಾಧನಕ್ಕೆ ಸೇರಿದವು, ಕಲಿಯುವವರಿಗೆ ಸೇರಿದವಲ್ಲ. ಮೌಖಿಕ ಪರಂಪರೆಯ ಅಧ್ಯಯನದಲ್ಲಿಯೂ ಮೆಟ್ಟಿಲುಗಳಿವೆ. 1933ರಿಂದ 1935ರವರೆಗೆ ಮಿಲ್ಮನ್ ಪ್ಯಾರಿ ಅಂದಿನ ಯುಗೊಸ್ಲಾವಿಯಾದಲ್ಲಿ, ಅಲ್ಯುಮಿನಿಯಂ ತಟ್ಟೆಗಳ ಮೇಲೆ ಬಿಡುವಿಲ್ಲದೆ ಧ್ವನಿ ಮುದ್ರಿಸಲೆಂದೇ ಮಾಡಿಸಿಕೊಂಡ ಯಂತ್ರದಿಂದ ಮಹಾಕಾವ್ಯದ ಗಾಯಕರನ್ನು ದಾಖಲಿಸಿದರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರ ‘ದಿ ಸಿಂಗರ್ ಆಫ್ ಟೇಲ್ಸ್’ ಕೃತಿಯಲ್ಲಿ ಗಾಯಕನ ಕಲಿಕೆಯನ್ನು ಮೂರು ಹಂತಗಳಲ್ಲಿ ವಿವರಿಸಿದ್ದಾರೆ. ಮೊದಲ ಹಂತದಲ್ಲಿ ಹುಡುಗ ಒಂದು ಬದಿಗೆ ಕುಳಿತು ಕೇಳುತ್ತಾನೆ. ಎರಡನೆಯದರಲ್ಲಿ ಬಾಯಿಬಿಟ್ಟು ಹಾಡಲು ತೊಡಗಿ ತಪ್ಪುತ್ತಾ ತಿದ್ದಿಕೊಳ್ಳುತ್ತಾನೆ. ಬಲ್ಲವರ ಎದುರು ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಬಲ್ಲವನಾದಾಗ ಆ ಹಂತ ಮುಗಿಯುತ್ತದೆ. ಮೂರನೆಯದು ಹಾಡುಗಳ ಸಂಖ್ಯೆಯೂ ಹಿಡಿತವೂ ಬೆಳೆಯುವ ಕಾಲ. ಸಾಧನ ಇಲ್ಲಿಯೂ ಇದೆ. ಗಾಯಕನ ಕೈಯಲ್ಲಿ ಗುಸ್ಲೆ ಎಂಬ ತಂತಿವಾದ್ಯವಿದೆ. ಆದರೆ ವಾದ್ಯ ಹಳೆಯದೋ ಹೊಸದೋ ಎಂಬುದರಿಂದ ಗಾಯಕನ ಹಂತ ತೀರ್ಮಾನವಾಗುವುದಿಲ್ಲ.

ಕರ್ನಾಟಕದ ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಹೊಸಬರು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ರಂಗಪ್ರವೇಶ ಮಾಡಿ, ರಾತ್ರಿಯಿಡೀ ಹಿರಿಯರ ವೇಷಗಳನ್ನು ನೋಡುತ್ತಾ ಮೇಲೇರುತ್ತಿದ್ದ ಪದ್ಧತಿಯನ್ನೂ ಇದರ ಜೊತೆಗಿಟ್ಟು ನೋಡಬಹುದು. ಅಲ್ಲಿ ಇಡೀ ಆಟವನ್ನು ನಡೆಸುವವರು ಭಾಗವತರು. ಅವರಿರುವುದು ರಂಗದ ಮೇಲೆಯೇ, ತಾಳ ಹಿಡಿದು, ಎಲ್ಲರಿಗೂ ಕಾಣುವಂತೆ. ಹೊಸ ವೇಷಧಾರಿಯ ಹೆಜ್ಜೆ ತಪ್ಪಿದರೆ ಅವರ ಪದ್ಯವೂ ಅದರೊಂದಿಗೆ ತೊಡಕಿಗೆ ಸಿಕ್ಕುತ್ತದೆ. ಹಾಗೆಂದು ಈ ಪದ್ಧತಿಯನ್ನು ಆದರ್ಶೀಕರಿಸುವುದು ಸಲ್ಲದು. ಈ ಮೇಳಗಳ ಬಾಗಿಲು ಬಹುಕಾಲ ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಯಾರು ಎಲ್ಲಿಯವರೆಗೆ ಏರಬಹುದೆಂಬುದನ್ನು ಹಲವೆಡೆ ಪ್ರತಿಭೆಯ ಜೊತೆಗೆ ಜಾತಿಯೂ ನಿರ್ಧರಿಸಿತು. ಅಂತಹ ಬಾಗಿಲನ್ನು ಮುದ್ರಿತ ದೃಶ್ಯವೊಂದು ಸ್ವಲ್ಪ ತೆರೆದರೆ ಅದು ಸಣ್ಣ ಲಾಭವಲ್ಲ.

ಡಿಜಿಟಲ್ ಕಲಿಕೆಯ ಚಿಂತನೆಯ ಬೇರಿನಲ್ಲಿ ಇಂತಹ ಸಾಮುದಾಯಿಕ ಕಲಿಕೆಯ ಅರಿವು ಇತ್ತು ಎಂಬುದು ಕುತೂಹಲದ ಸಂಗತಿ. ಜಿನೀವಾದಲ್ಲಿ ಪಿಯಾಜೆಯವರೊಂದಿಗೆ ಕೆಲಸ ಮಾಡಿ, ಮುಂದೆ 1967ರಲ್ಲಿ ಸಂಗಡಿಗರೊಂದಿಗೆ ಮಕ್ಕಳಿಗಾಗಿ ‘ಲೋಗೊ’ ಎಂಬ ಗಣಕಭಾಷೆಯನ್ನು ರೂಪಿಸಿದ ಸೇಮೊರ್ ಪೇಪರ್ಟ್, 1980ರ ‘ಮೈಂಡ್‌ಸ್ಟಾರ್ಮ್ಸ್’ ಕೃತಿಯ ಕೊನೆಯ ಭಾಗದಲ್ಲಿ ಬ್ರೆಜಿಲಿನ ಸಾಂಬಾ ಶಾಲೆಗಳನ್ನು ಚರ್ಚಿಸುತ್ತಾರೆ. ಮಕ್ಕಳು, ಮುದುಕರು, ಹೊಸಬರು, ನುರಿತವರು ಒಂದೇ ಅಂಗಳದಲ್ಲಿ ಕುಣಿಯುವ, ಎಲ್ಲರೂ ಕಲಿಯುವ ಎಲ್ಲರೂ ಕಲಿಸುವ ಆ ಜನಪದ ಸಂಸ್ಥೆಯಲ್ಲಿ ಅವರು ಗಣಕಯುಗದ ಶಾಲೆಯ ಒಂದು ಸಾಧ್ಯತೆಯನ್ನು ಕಂಡಿದ್ದರು. ಮಗುವೇ ಗಣಕಕ್ಕೆ ಆಜ್ಞೆ ಕೊಡಬೇಕೆಂಬ ಅವರ ವಿಚಾರವನ್ನು ಶಾಲೆಗಳು ಅಷ್ಟಿಷ್ಟು ಸ್ವೀಕರಿಸಿದವು. ಸಾಂಬಾ ಅಂಗಳವನ್ನು ಬಿಟ್ಟುಬಿಟ್ಟವು. ಲ್ಯಾಪ್‌ಟಾಪು ಮಗುವಿಗೊಂದರಂತೆ ಬಂದಿತು. ಹಿರಿಯರು ಕಿರಿಯರೊಡನೆ ಕುಳಿತು ತಪ್ಪುವ ಜಾಗ ಮಾತ್ರ ಬರಲಿಲ್ಲ.

ಸಾಧನಗಳ ಮೇಲೆ ಹೂಡಿದ್ದಕ್ಕೆ ತಕ್ಕ ಫಲ ದೊರೆಯದಿರುವುದನ್ನು ಲ್ಯಾರಿ ಕ್ಯೂಬನ್ 2001ರಲ್ಲಿ, ಸಿಲಿಕಾನ್ ಕಣಿವೆಯ ಶಾಲೆಗಳ ಅಧ್ಯಯನದಿಂದಲೇ ತೋರಿಸಿದರು. ಶಾಲೆಗಳಲ್ಲಿ ಗಣಕಗಳಿಗೆ ಅಪಾರವಾಗಿ ವೆಚ್ಚ ಮಾಡಿದ ದೇಶಗಳ ಮಕ್ಕಳ ಓದು, ಗಣಿತ, ವಿಜ್ಞಾನಗಳಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲವೆಂದು 2015ರ ಒ.ಇ.ಸಿ.ಡಿ. ವರದಿ ಹೇಳಿತು. ಯುನೆಸ್ಕೊ 2023ರ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ ಈ ಸಾಧನಗಳು ಯಾರ ಷರತ್ತಿನ ಮೇಲೆ ಬರುತ್ತಿವೆ ಎಂಬುದನ್ನೇ ಮುಖ್ಯ ಪ್ರಶ್ನೆಯಾಗಿಸಿತು. ಇವೆಲ್ಲ ಈಗ ಚಿರಪರಿಚಿತ. ಇನ್ನಷ್ಟು ವಿಸ್ತರಿಸುವ ಅಗತ್ಯವಿಲ್ಲ.

ಕಡಿಮೆ ಚರ್ಚೆಯಾಗಿರುವುದು ಮನೆಮಾತಿನ ವಿಷಯ. ಐ.ಬಿ. ಡಿಪ್ಲೊಮಾದಲ್ಲಿ ಒಂದು ಗಮನಾರ್ಹ ಅವಕಾಶವಿದೆ. ಶಾಲೆಯಲ್ಲಿ ತನ್ನ ತಾಯ್ನುಡಿಯ ಅಧ್ಯಾಪಕರಿಲ್ಲದ ವಿದ್ಯಾರ್ಥಿಯು ಶಾಲೆಯ ನೆರವಿನೊಂದಿಗೆ ಆ ನುಡಿಯ ಸಾಹಿತ್ಯವನ್ನು ತಾನೇ ಅಭ್ಯಾಸ ಮಾಡಿ ಪರೀಕ್ಷೆಗೆ ಕೂರಬಹುದು. ಇದು ಸಾಮಾನ್ಯ ಮಟ್ಟದಲ್ಲಿ ಮಾತ್ರ ಲಭ್ಯ, ಉನ್ನತ ಮಟ್ಟದಲ್ಲಿ ಇಲ್ಲ ಎಂಬ ಮಿತಿಯೂ ಇದೆ. ಡಿಜಿಟಲ್ ಸಾಧನದ ನೆರವು ನಿಜಕ್ಕೂ ಬೇಕಾಗಿರುವುದು ಈ ವಿದ್ಯಾರ್ಥಿಗೆ. ಹತ್ತಿರದಲ್ಲಿ ಗ್ರಂಥಾಲಯವಿಲ್ಲ, ಜೊತೆಯಲ್ಲಿ ಓದುವವರಿಲ್ಲ. ದೂರದ ಊರಿನಲ್ಲಿರುವ ಓದುಗರೊಬ್ಬರೊಡನೆ, ಅಜ್ಜನೊಡನೆ, ಧ್ವನಿಮುದ್ರಿಕೆಗಳೊಡನೆ ಸಂಪರ್ಕ ಕಲ್ಪಿಸುವುದು ಅಂತರ್ಜಾಲ ಒಂದೇ. ಆದರೂ ಡಿಜಿಟಲ್ ಕಲಿಕೆಯ ನೇತೃತ್ವ ಕುರಿತ ಬರಹಗಳಲ್ಲಿ ಈ ವಿದ್ಯಾರ್ಥಿ ಕಾಣಿಸಿಕೊಳ್ಳುವುದು ಅಪರೂಪ. ಆತನ ವಿಷಯ ಭಾಷಾನೀತಿಯ ಕಡತದಲ್ಲಿದೆ, ಸಾಧನಗಳ ವಿಷಯ ತಂತ್ರಜ್ಞಾನದ ಕಡತದಲ್ಲಿದೆ. ಎರಡು ಕಡತಗಳಿಗೂ ಬೇರೆ ಬೇರೆ ಮೇಲ್ವಿಚಾರಕರು.

ಕನ್ನಡಕ್ಕೆ 1991ರಿಂದ ಯುನಿಕೋಡ್ ಸಂಕೇತಗಳಿವೆ. ಗೂಗಲ್ ಅನುವಾದ ಸೇವೆಗೆ ಕನ್ನಡ 2011ರಲ್ಲಿ ಸೇರಿತು. ಆದ್ದರಿಂದ ಕನ್ನಡದ ಮಟ್ಟಿಗೆ ಸಾಧನವೇ ಇಲ್ಲವೆಂಬ ನೆಪ ಈಗ ನಿಲ್ಲದು. ಆದರೆ ಮನೆಮಾತನ್ನು ಶಾಲೆಯ ಮಾತಿಗೆ ತಿರುಗಿಸಿಕೊಡುವುದೇ ಸಾಧನದ ಕೆಲಸವೆಂದು ಭಾವಿಸಿದರೆ ನಷ್ಟ ಮನೆಮಾತಿಗೇ. ಸೋದರತ್ತೆ, ಚಿಕ್ಕಮ್ಮ, ದೊಡ್ಡಮ್ಮ ಮೂವರೂ ಇಂಗ್ಲಿಷಿನಲ್ಲಿ ‘ಆಂಟ್’ ಆಗಿಬಿಡುತ್ತಾರೆ; ಕಾಗೆಯನ್ನೂ ಗುಬ್ಬಿಯನ್ನೂ ಅಕ್ಕ ಎಂದು ಕರೆದು ಕಥೆ ಕಟ್ಟಿದ ನಂಟು ಕಳಚಿ ಎರಡು ಹಕ್ಕಿಗಳಷ್ಟೇ ಉಳಿಯುತ್ತವೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಎಲ್ಲ ಪ್ರಶ್ನೆಗಳೂ ಮನೆಯೊಳಗೇ ಬಂದವು. ಕರ್ನಾಟಕ ಸರ್ಕಾರ ಆ ವರ್ಷದ ಜೂನ್‌ನಲ್ಲಿ 5ನೆಯ ತರಗತಿಯವರೆಗೆ ಆನ್‌ಲೈನ್ ಪಾಠಗಳನ್ನು ನಿಷೇಧಿಸಿತು. ಜುಲೈನಲ್ಲಿ ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಅಂದಿನ ವಾದವಿವಾದವು ಪರದೆಯ ಮುಂದೆ ಎಷ್ಟು ಹೊತ್ತು, ಮಗುವಿಗೆ ಶಿಕ್ಷಣದ ಹಕ್ಕು ತಪ್ಪಬಹುದೇ ಎಂಬುದರ ಸುತ್ತ ನಡೆಯಿತು, ಅದು ಸಹಜವೂ ಹೌದು. ಆದರೆ ಅದೇ ಪರದೆಯ ಹಿಂದೆ ಅಡುಗೆಮನೆಯ ಮಾತು, ಅಜ್ಜಿಯ ಕರೆ, ಹಬ್ಬದ ಹಾಡು ಕೇಳಿಸುತ್ತಿದ್ದವು. ಪಾಠಕ್ಕೆ ಅಡ್ಡಿಯೆಂದು ಮಕ್ಕಳಿಗೆ ಧ್ವನಿ ಮುಚ್ಚಲು ಹೇಳಲಾಯಿತು. ಶಾಲೆಯೂ ಮನೆಮಾತೂ ಇಷ್ಟು ಹತ್ತಿರ ಬಂದ ಸಂದರ್ಭ ಹಿಂದೆ ಇರಲಿಲ್ಲ. ಅದನ್ನು ಕಲಿಕೆಯ ಸಾಮಗ್ರಿಯೆಂದು ಗುರುತಿಸಬಲ್ಲ ಮಾನದಂಡ ಆಗ ಪ್ರಚಲಿತವಿದ್ದ ಮಾದರಿಗಳಲ್ಲಿ ಇರಲಿಲ್ಲ.

ಈ ದೋಷವನ್ನು ಶಾಲೆಗಳ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಟೇಪ್‌ರೆಕಾರ್ಡರ್ ಹಿಡಿದು ಹಳ್ಳಿಗೆ ಹೋದ ಜಾನಪದ ಸಂಗ್ರಾಹಕರೂ ಎಷ್ಟು ಹಾಡು, ಎಷ್ಟು ಗಂಟೆ ಎಂದು ಲೆಕ್ಕವಿಟ್ಟವರೇ. ಹಾಡಿದವರ ಮೊಮ್ಮಕ್ಕಳಿಗೆ ಆ ಮುದ್ರಿಕೆಗಳು ಮರಳಿ ಕೇಳಿಸಿದ್ದು ಕಡಿಮೆ. ಕಪಾಟಿನಲ್ಲಿ ಬೂಷ್ಟು ಹಿಡಿದ ಕ್ಯಾಸೆಟ್ಟುಗಳೂ ಒಂದು ಕಾಲಕ್ಕೆ ಹೊಸ ತಂತ್ರಜ್ಞಾನದ ಸಾಧನೆಗಳೆಂದೇ ವರದಿಗಳಲ್ಲಿ ದಾಖಲಾಗಿದ್ದವು.

ಕೇಳಿದ ಪಠ್ಯವನ್ನು ತಾನೇ ರಚಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಾಗ ಐ.ಬಿ. ಸಂಸ್ಥೆಯು ಅವುಗಳನ್ನು ನಿಷೇಧಿಸದೆ, ಬಳಸಿದ್ದನ್ನು ವಿದ್ಯಾರ್ಥಿ ಉಲ್ಲೇಖಿಸಬೇಕೆಂಬ ನಿಲುವನ್ನು 2023ರಲ್ಲಿ ತಳೆಯಿತು. ಲಿಖಿತ ಕೆಲಸದ ಮಟ್ಟಿಗೆ ಇದು ವಿವೇಕದ ನಿಲುವೇ ಇರಬಹುದು. ತಾಯ್ನುಡಿಯ ಸಾಹಿತ್ಯವನ್ನು ಒಬ್ಬನೇ ಓದುವ ವಿದ್ಯಾರ್ಥಿಗೆ ಮಾತ್ರ ಬರವಣಿಗೆಯ ಜೊತೆಗೆ ಮೌಖಿಕ ಪರೀಕ್ಷೆಯೂ ಇದೆ. ಅಲ್ಲಿ ಆತ ಆ ನುಡಿಯನ್ನು ಬಲ್ಲವರ ಮುಂದೆ ತನ್ನ ಬಾಯಿಯಿಂದಲೇ ಮಾತನಾಡಬೇಕು. ಲಾರ್ಡ್ ಹೇಳಿದ ಎರಡನೆಯ ಹಂತ ಮುಗಿಯುವುದು ಅಂತಹದೇ ಕೇಳುಗರ ಎದುರು. ಅಲ್ಲಿಗೆ ತಲುಪುವ ಮೊದಲು ಆತ ಎಷ್ಟು ದಿನ, ಯಾರ ದನಿಯನ್ನು, ಯಾವ ಸಾಧನದ ಮೂಲಕ ಕೇಳಿದ್ದಾನೆ ಎಂಬ ಲೆಕ್ಕವನ್ನು ಡಿಜಿಟಲ್ ಕಲಿಕೆಯ ನಿರ್ದೇಶಕರು ಇಡುತ್ತಿದ್ದಾರೆಯೇ ಎಂದು ಕೇಳಬೇಕಾಗಿದೆ.