ಸೊನ್ನೆ ಬಿಲ್ಲು ಮತ್ತು ಪತ್ರಾಸಿನ ಮನೆ

ಐನಾಪುರದಲ್ಲಿ ನಮ್ಮ ಖಾಲಾ ಒಬ್ಬರಿದ್ದಾರೆ. ವಿಧವೆ, ಹೊಲಿಗೆಯಿಂದ ಬದುಕು. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿಯ ಮೊದಲ ಸೊನ್ನೆ ಬಿಲ್ಲು ಬಂದಾಗ ಅದನ್ನು ಮಡಚಿ ಕುರ್‌ಆನ್ ಇಡುವ ಗೂಡಿನ ಪಕ್ಕ ಜೋಪಾನ ಮಾಡಿದ್ದರು. ಕಳೆದ ಬೇಸಿಗೆಯಲ್ಲಿ ಹೋದಾಗ ನೋಡಿದರೆ ಹೊಲಿಗೆ ಯಂತ್ರದ ಮೋಟಾರನ್ನೇ ಬಿಚ್ಚಿ ಚೀಲದಲ್ಲಿ ಕಟ್ಟಿಟ್ಟಿದ್ದಾರೆ. ಮಂಡಿನೋವಿನ ಹೆಂಗಸು ಕಾಲಿನಿಂದಲೇ ತುಳಿಯುತ್ತ ಕೂತಿದ್ದರು. ಯಾಕೆ ಅಂದರೆ, ‘ಯೂನಿಟ್ ದಾಟಿದರ ಪುಕ್ಕಟೆ ಹೋಗ್ತದ ಬೇಟಾ’ ಎಂದರು.

ನಿಯಮ ಹಾಗಿಲ್ಲ. ನಿಗದಿಯಾದ ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ಹಣ ಕಟ್ಟಬೇಕು. 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು. ಹೇಳಿದೆ, ಅವರು ನಂಬಲಿಲ್ಲ. ಕೊಟ್ಟ ಕೈ ಯಾವಾಗ ಬೇಕಾದರೂ ಕಸಿದುಕೊಳ್ಳುತ್ತದೆ ಎಂಬುದು ಬಡವರ ಅನುಭವದ ಶಾಸ್ತ್ರ. ಅದನ್ನು ಸುತ್ತೋಲೆಯಿಂದ ಅಳಿಸಲಾಗದು.

ಆದರೆ ನನ್ನ ತಕರಾರು ತಿಳಿವಳಿಕೆಯ ಕೊರತೆಯದಲ್ಲ, ಯೋಜನೆಯ ಲೆಕ್ಕದ್ದೇ. 200 ಯೂನಿಟ್ ಉಚಿತ ಎಂದು ಗೋಡೆಗೋಡೆಯ ಮೇಲೆ ಬರೆದರೂ ಯಾರಿಗೂ ಸಲೀಸಾಗಿ 200 ಸಿಗುವುದಿಲ್ಲ. 2022-23ರಲ್ಲಿ ಆ ಮನೆ ಬಳಸಿದ ಸರಾಸರಿ, ಅದರ ಮೇಲೆ ಶೇಕಡಾ 10. ತಿಂಗಳಿಗೆ 150 ಯೂನಿಟ್ ಉರಿಸುತ್ತಿದ್ದವರಿಗೆ 165 ಉಚಿತ. ಬಿಲ್ಲಿಗೆ ಹೆದರಿ ದೀಪ ಆರಿಸಿ ಮಲಗುತ್ತಿದ್ದ ಖಾಲಾಗೆ, 42ರ ಸರಾಸರಿಯ ಮೇಲೆ, 46. ಅಂದರೆ ಬಡತನದಿಂದ ಮಾಡಿದ ಉಳಿತಾಯವನ್ನೇ ಅವರ ಅಗತ್ಯವೆಂದು ಸರಕಾರ ಬರೆದುಕೊಂಡಿತು. ಇದರ ಅನ್ಯಾಯ ಸರಕಾರಕ್ಕೂ ಹೊಳೆದಿರಬೇಕು. 2024ರ ಜನವರಿಯಲ್ಲಿ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸಿತು. ಖಾಲಾಗೆ 52 ಆಯಿತು. ಒಳ್ಳೆಯದೇ.

ಇಷ್ಟು ಹೇಳಿದ ಮಾತ್ರಕ್ಕೆ ಗ್ಯಾರಂಟಿಗಳನ್ನು ‘ಬಿಟ್ಟಿ ಭಾಗ್ಯ’ ಎಂದು ಹೀಗಳೆಯುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಬಾಕಿಗಾಗಿ ಕಂಬದಿಂದ ತಂತಿ ಕಿತ್ತ ಮನೆಯ ಕತ್ತಲೆ ಅವರು ಕಂಡಿಲ್ಲ. ನನ್ನ ಪ್ರಶ್ನೆ ಬೇರೆ. ಬಿಲ್ಲು ಕಟ್ಟುವ ಸರಕಾರ ಆ ಬಿಲ್ಲು ಯಾಕೆ ಅಷ್ಟಾಗುತ್ತದೆಂದು ಮನೆಯೊಳಗೆ ಇಣುಕಿ ನೋಡಿತೇ?

ಹಿಂದೆ ಒಂದು ಸಲ ನೋಡಿತ್ತು. ಭಾಗ್ಯಜ್ಯೋತಿಯ ಕಾಲದಲ್ಲಿ ಬಡವರ ಗುಡಿಸಲಿಗೆ ಬಂದದ್ದು 40 ವ್ಯಾಟ್‌ನ ಒಂದು ಬಲ್ಬು. 2015ರ ಡಿಸೆಂಬರ್‌ನಲ್ಲಿ ‘ಹೊಸ ಬೆಳಕು’ ಯೋಜನೆಯಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬು ಹಂಚತೊಡಗಿದರು. ವಿದ್ಯುತ್ತು ಕಾಲುಭಾಗಕ್ಕಿಂತ ಕಡಿಮೆ, ಬೆಳಕು ಎರಡರಷ್ಟು. 2014ರಲ್ಲಿ ಕೇಂದ್ರದ ಸಂಸ್ಥೆ 310 ರೂಪಾಯಿಗೆ ಕೊಂಡ ಬಲ್ಬು ಎರಡು-ಮೂರು ವರ್ಷಗಳಲ್ಲಿ 38 ರೂಪಾಯಿಗೆ ಇಳಿಯಿತು. ಕೋಟಿಗಟ್ಟಲೆ ಒಟ್ಟಿಗೆ ಕೊಂಡದ್ದೇ ಗುಟ್ಟು. ಬಲ್ಬಿನ ನಂತರ ಫ್ಯಾನಿನ ಸರದಿ ಬರಬೇಕಿತ್ತು. 2023ರಲ್ಲಿ ಕೇಂದ್ರ ಒಂದು ಕೋಟಿ ಫ್ಯಾನುಗಳ ಗುರಿಯನ್ನೇನೋ ಘೋಷಿಸಿತು. ನಾನು ಹೋಗಿಬರುವ ಮನೆಗಳಲ್ಲಂತೂ ಒಂದೂ ತಿರುಗುವುದನ್ನು ಕಾಣಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಕಟ್ಟಿದ ಅಮೂಲ್ಯ ರೆಡ್ಡಿಯವರು ಸಾಯುವವರೆಗೂ (2006) ಹೇಳುತ್ತಿದ್ದುದು ಇದನ್ನೇ: ಜನರಿಗೆ ಬೇಕಾದದ್ದು ಯೂನಿಟ್ಟಲ್ಲ, ಬೆಳಕು, ಬೆಂದ ಅನ್ನ, ತಂಪು. ಅದೇ ಕೆಲಸ ಕಡಿಮೆ ಶಕ್ತಿಯಲ್ಲಿ ಆಗುವುದಾದರೆ ಹೊಸ ಸ್ಥಾವರ ಯಾಕೆ? ಕರ್ನಾಟಕಕ್ಕಾಗಿಯೇ ಅಂಥ ಲೆಕ್ಕವನ್ನು 1990ರ ದಶಕದ ಆರಂಭದಲ್ಲಿ ಹಾಕಿಕೊಟ್ಟರು. ನಮ್ಮ ಹೆಂಗಸರಿಗೆ ನೆನಪಿರುವುದು ಅಸ್ತ್ರ ಒಲೆ ಮಾತ್ರ, ಅದೂ ಕೆಲವರಿಗೆ.

ಖಾಲಾ ಮನೆಯ ಲೆಕ್ಕ ನಾನೇ ಮಾಡಿದೆ. ಹಳೆಯ ಫ್ಯಾನು 75 ವ್ಯಾಟ್. ದಿನಕ್ಕೆ ಹತ್ತು ತಾಸು ತಿರುಗಿದರೆ ತಿಂಗಳಿಗೆ 22 ಯೂನಿಟ್ ಮೇಲೆ. ಈಗಿನ 30 ವ್ಯಾಟ್‌ನ ಫ್ಯಾನಾದರೆ 9. ಉಳಿಯುವುದು 13. ಹೊಲಿಗೆಯ ಮೋಟಾರು 100 ವ್ಯಾಟ್. ದಿನಕ್ಕೆ ನಾಲ್ಕು ತಾಸು ಓಡಿದರೂ ತಿಂಗಳಿಗೆ 12 ಯೂನಿಟ್. ಚೀಲದಲ್ಲಿ ಮಲಗಿದ ಮೋಟಾರಿಗೆ ಬೇಕಾದ ಕರೆಂಟು ತಲೆಯ ಮೇಲೆಯೇ ಸುತ್ತುತ್ತಿದೆ! ಆದರೆ ಅಂಥ ಫ್ಯಾನಿಗೆ ಸುಮಾರು 3,000 ರೂಪಾಯಿ, ಖಾಲಾ ಕೊಳ್ಳುವುದಿಲ್ಲ. 2024-25ರ ಬಜೆಟ್ಟಿನಲ್ಲಿ ಗೃಹಜ್ಯೋತಿಗೆ ಇಟ್ಟದ್ದು 9,657 ಕೋಟಿ. ಅದರ ಅರ್ಧದಷ್ಟರಲ್ಲಿ ಒಂದೂವರೆ ಕೋಟಿ ಮನೆಗೆ ಒಂದೊಂದು ಫ್ಯಾನು, ಅದೂ ಅಂಗಡಿಯ ಬೆಲೆಗೆ. ಬಿಲ್ಲು ಸರಕಾರದ್ದೇ ಆದ ಮೇಲೆ ಉಳಿತಾಯವೂ ಅದರದೇ ತಾನೆ?

ಫ್ಯಾನಿಗಿಂತ ಮೇಲೆ ಪತ್ರಾಸು ಇದೆ. ಮೊದಲು ಈ ಕೃಷ್ಣೆಯ ಸೀಮೆಯಲ್ಲಿ ಮಣ್ಣಿನ ಮಾಳಿಗೆ, ಬೆಳಕಿಂಡಿ. ಏಪ್ರಿಲ್‌ನಲ್ಲೂ ಒಳಗೆ ತಂಪು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ಘೋಷಿಸಿತು. ಮನೆ ಎದ್ದಿತೇ ಎಂದು ಕೇಳಿದವರು ಸಿಕ್ಕಾರು; ಒಳಗೆ ಮಧ್ಯಾಹ್ನ ಕೂರಲು ಬರುತ್ತದೆಯೇ ಎಂದು ಕೇಳಿದವರಿಲ್ಲ. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಬಿಳಿ ಬಣ್ಣ ಬಳಿಯುವಷ್ಟು ಸರಳ ಸಂಗತಿ.

ನಾವೇನು ಕಡಿಮೆಯೇ? ಹರಿಯುವ ನದಿಯ ದಂಡೆಯಲ್ಲೂ ವುಜೂವಿಗೆ ನೀರು ಪೋಲು ಮಾಡಬೇಡಿ ಎಂಬ ಹದೀಸನ್ನು ಮಿಂಬರಿನಿಂದ ಹೇಳುತ್ತೇವೆ. ನಾಲ್ಕು ಜನರ ಅಸರ್ ಜಮಾಅತಿಗೆ ಇಪ್ಪತ್ತು ಫ್ಯಾನು ತಿರುಗುತ್ತಿರುತ್ತವೆ. ಇಸ್ರಾಫ್ ಎಂದು ಯಾವ ಮುತವಲ್ಲಿಯೂ ಎದ್ದು ಸ್ವಿಚ್ ಒತ್ತಿದ್ದನ್ನು ನಾನು ನೋಡಿಲ್ಲ.

ಹೊರಡುವಾಗ ಮೋಟಾರು ಜೋಡಿಸಿಕೊಡಲೇ ಎಂದು ಕೇಳಿದೆ. ‘ಈದ್ ಹೊಲಿಗೆ ಬಂದಾಗ ನೋಡೋಣು’ ಎಂದರು ಖಾಲಾ, ಫ್ಯಾನು ಆರಿಸಿ ಬಾಗಿಲತನಕ ಬಂದರು.