ಒಂದು ವರ್ಷದ ಓದು, ಒಂದು ವರ್ಷದ ನೋಟ

ಯಲಹಂಕದ ಉಪನಗರದಲ್ಲಿ ವಾಸವಾಗಿರುವ ಓದುಗರೊಬ್ಬರು ಈಚೆಗೆ ಒಂದು ವಿಚಿತ್ರವಾದ ವ್ರತವನ್ನು ಹಿಡಿದರು. ಒಂದು ಯುಗಾದಿಯಿಂದ ಮರುವರ್ಷದ ಯುಗಾದಿಯವರೆಗೆ ತಿಂಗಳಿಗೊಂದು ಕನ್ನಡ ಕಾದಂಬರಿಯನ್ನು ಓದುವುದು. ಆ ಕಾದಂಬರಿಯಿಂದ ಹುಟ್ಟಿದ ಚಲಚ್ಚಿತ್ರವನ್ನು ಅದೇ ತಿಂಗಳಲ್ಲಿ ನೋಡುವುದು. ಎರಡೂ ಮುಗಿದ ರಾತ್ರಿ ಮನಸ್ಸಿಗೆ ತೋರಿದುದನ್ನು ಕೈಪುಸ್ತಕವೊಂದರಲ್ಲಿ ಬರೆದಿಡುವುದು. ವ್ರತವು ಸಾಂಗವಾಗಿ ಮುಗಿದಿದೆ. ಕೈಪುಸ್ತಕವು ಸಾಹಿತ್ಯಾಸಕ್ತರಾದ ಕೆಲವು ಮಿತ್ರರ ಕೈಯಲ್ಲಿ ಓಡಾಡುತ್ತಿದೆ. ಅದನ್ನು ಅಚ್ಚುಮಾಡಿಸುವ ಇಚ್ಛೆ ಅವರಿಗಿಲ್ಲ. ಆದರೂ ಅದರ ವಿಷಯವಾಗಿ ನಾಲ್ಕು ಮಾತು ಆಡುವುದು ಅಯುಕ್ತವಾಗಲಾರದು.

ಓದಿದ ಕೂಡಲೆ ಮನಸ್ಸಿಗೆ ಬಂದುದನ್ನು ಬರೆದರೆ ಅದು ವಿಮರ್ಶೆಯಾಗುವುದೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಪಂಡಿತರು ಆಗುವುದಿಲ್ಲವೆನ್ನುತ್ತಾರೆ. ರಸಾನುಭವಕ್ಕೆ ಶಾಸ್ತ್ರದ ಒರೆಗಲ್ಲು ಬೇಕು. ಇಲ್ಲದಿದ್ದರೆ ಅದು ಊಟ ಮುಗಿಸಿದವನು ಸಾರು ಚೆನ್ನಾಗಿತ್ತು ಎಂದಂತೆ. ಈ ಆಕ್ಷೇಪಣೆ ನ್ಯಾಯವಾದುದೇ. ಕೈಪುಸ್ತಕದ ಮೊದಲ ಕೆಲವು ತಿಂಗಳುಗಳ ಬರಹ ಇದಕ್ಕೆ ಸಾಕ್ಷಿಯನ್ನೇ ಒದಗಿಸುತ್ತದೆ. ಚೈತ್ರದಲ್ಲಿ ಕಾದಂಬರಿ ಮೇಲು, ವೈಶಾಖದಲ್ಲಿ ಕಾದಂಬರಿ ಮೇಲು, ಜ್ಯೇಷ್ಠದಲ್ಲಿಯೂ ಕಾದಂಬರಿಯೇ ಮೇಲು! ಕಬ್ಬಿಗೂ ಬೆಲ್ಲಕ್ಕೂ ಪಂದ್ಯ ಕಟ್ಟಿ ಪ್ರತಿಸಲವೂ ಕಬ್ಬನ್ನೇ ಗೆಲ್ಲಿಸುವುದರಿಂದ ಎರಡರ ರುಚಿಯೂ ತಿಳಿಯದು.

ಅನಂತಮೂರ್ತಿಯವರ ‘ಸಂಸ್ಕಾರ’ದಿಂದ ವ್ರತದ ಆರಂಭ. 1965ರ ಈ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರವಾಗಿ ಮಾಡಿದರು. ಪ್ರಾಣೇಶಾಚಾರ್ಯರ ಒಳಗಿನ ತುಮುಲವು ಚಿತ್ರದಲ್ಲಿ ಸೊರಗಿತೆಂಬುದು ಓದುಗರ ದೂರು. ಪುಸ್ತಕದಲ್ಲಿ ಪುಟಗಟ್ಟಲೆ ತನ್ನೊಡನೆ ತಾನೇ ವಾದಿಸುವ ಆಚಾರ್ಯರು ತೆರೆಯ ಮೇಲೆ ಸುಮ್ಮನೆ ನಡೆಯುತ್ತಾರೆ, ಅಷ್ಟೆ. ನಿಜ. ಆದರೆ ಪದಗಳ ಬದಲಾಗಿ ಚಿತ್ರವು ಏನನ್ನು ಕೊಟ್ಟಿತೆಂದು ಅವರು ಕೇಳಿಕೊಳ್ಳಲಿಲ್ಲ. ಗಿರೀಶ ಕಾರ್ನಾಡರ ಮುಖವನ್ನು ಒಮ್ಮೆ ಕಂಡವನಿಗೆ ಮತ್ತೆ ಆ ಕಾದಂಬರಿಯನ್ನು ಓದುವಾಗ ಬೇರೊಂದು ಮುಖವನ್ನು ಕಲ್ಪಿಸಿಕೊಳ್ಳುವುದು ಎಷ್ಟು ಕಷ್ಟ! ಇದು ಚಿತ್ರದ ಗೆಲವೋ, ಓದುಗನ ನಷ್ಟವೋ, ವಿಚಾರಮಾಡತಕ್ಕ ವಿಷಯ. ಹೆಣವು ಸಂಸ್ಕಾರವಿಲ್ಲದೆ ಬಿದ್ದಿರುವ ಅಗ್ರಹಾರದ ಮನೆಮಾಡಿನ ಮೇಲೆ ಹದ್ದು ಬಂದು ಕುಳಿತಾಗ ಆಗುವ ಭೀತಿ ಪುಸ್ತಕದಲ್ಲಿ ಒಂದು ಬಗೆಯದು, ಕಪ್ಪುಬಿಳುಪಿನ ತೆರೆಯ ಮೇಲೆ ಇನ್ನೊಂದು ಬಗೆಯದು. ಈ ಭೇದವನ್ನು ಕುರಿತು ಕೈಪುಸ್ತಕದಲ್ಲಿ ಒಂದಕ್ಷರವೂ ಇಲ್ಲ.

‘ನಾಗರಹಾವು’ ಬಂದಾಗ ಸ್ಥಿತಿ ತಲೆಕೆಳಗಾಯಿತು. ಪುಟ್ಟಣ್ಣ ಕಣಗಾಲರ ಈ 1972ರ ಚಿತ್ರವನ್ನು ಓದುಗರು ಬಾಲ್ಯದಿಂದ ಎಷ್ಟು ಸಲ ನೋಡಿದ್ದರೋ ಲೆಕ್ಕವಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಆ ಒಂದು ಚಿತ್ರವನ್ನು ಹೆಣೆದುದೆಂಬುದು ಅವರಿಗೆ ತಿಳಿದದ್ದೇ ಈ ವರ್ಷ. ಮೂರನ್ನೂ ಓದಿ ಅವರು ತಬ್ಬಿಬ್ಬಾದರು. ತಮ್ಮ ರಾಮಾಚಾರಿ ಈತನಲ್ಲವೆಂದು ಮುನಿದುಕೊಂಡರು. ಗ್ರಂಥಕರ್ತರಿಗೇ ಚಿತ್ರವು ಒಪ್ಪಿಗೆಯಾಗಿರಲಿಲ್ಲವೆಂಬ ಮಾತು ಪ್ರಸಿದ್ಧವಾಗಿದೆ. ಹಾಗಾದರೆ ಯಾವುದು ಮೊದಲು ಮನಸ್ಸನ್ನು ಹೊಕ್ಕಿತೋ ಅದೇ ಮೂಲವೆಂದು ನಂಬುವುದು ಮನುಷ್ಯಸ್ವಭಾವವೆಂದಾಯಿತು. ಆ ಹಿಂದೆ ಪುಸ್ತಕವನ್ನು ಮೇಲೆಂದಾಗಲೂ ತೀರ್ಪು ಕೊಟ್ಟದ್ದು ಬುದ್ಧಿಯಲ್ಲ, ಕ್ರಮ. ಪುಸ್ತಕವನ್ನು ಮೊದಲು ಓದಿದ್ದರು, ಚಿತ್ರವನ್ನು ಆಮೇಲೆ ನೋಡಿದ್ದರು. ಇದನ್ನು ಅವರೇ ಕಂಡುಕೊಂಡು ಬರೆದಿರುವುದು ಮೆಚ್ಚತಕ್ಕದ್ದು. ಕೈಪುಸ್ತಕದ ಧಾಟಿ ಬದಲಾಗುವುದು ಇಲ್ಲಿಂದಲೇ.

ತ್ರಿವೇಣಿಯವರ ‘ಶರಪಂಜರ’ವನ್ನು ಕುರಿತ ಪುಟಗಳಲ್ಲಿ ಮಾತ್ರ ಹಳೆಯ ಚಾಳಿ ಮತ್ತೆ ತಲೆಯೆತ್ತಿದೆ. 1971ರ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯವು ಅತಿಯಾಯಿತೆಂದೂ, ಮನಃಶಾಸ್ತ್ರವನ್ನು ಓದಿದ್ದ ಲೇಖಕಿಯ ಸಂಯಮವು ಅದರಲ್ಲಿ ಕಾಣದೆಂದೂ ಅವರ ಅಭಿಪ್ರಾಯ. ಇದನ್ನು ಒಪ್ಪುವುದು ಕಷ್ಟ. ಬಾಣಂತಿತನದಲ್ಲಿ ಬುದ್ಧಿಭ್ರಮಣೆಗೆ ಒಳಗಾಗಿ, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳಿದ ಕಾವೇರಿಯನ್ನು ಆ ಮನೆ ನಂಬುವುದಿಲ್ಲ. ಆಕೆ ನಕ್ಕರೂ ಸಂಶಯ, ಅತ್ತರೂ ಸಂಶಯ. ಅಂಥವಳು ಅಳತೆಯಿಟ್ಟು ನಗುವುದು ಹೇಗೆ? ಅಭಿನಯದ ಅತಿರೇಕವೆಂದು ತೋರುವುದು ಅನೇಕ ಕಡೆ ಆ ಪಾತ್ರದ ಸಂಕಟವೇ ಆಗಿದೆ.

ಆಲನಹಳ್ಳಿ ಶ್ರೀಕೃಷ್ಣರ ‘ಕಾಡು’, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಇವುಗಳ ಬರಹ ಚಿಕ್ಕದಾದರೂ ಚೊಕ್ಕವಾಗಿದೆ. ಬಾಲವಿಧವೆಯಾದ ಫಣಿಯಮ್ಮನ ಮೌನವನ್ನು ಎಲ್.ವಿ. ಶಾರದಾ ಅವರು 1983ರ ಚಿತ್ರದಲ್ಲಿ ಹೇಗೆ ಕಣ್ಣಿನಿಂದಲೇ ನುಡಿಸಿದರೆಂಬ ವಿವರಣೆ ಓದತಕ್ಕದ್ದು. ಕುವೆಂಪು ಅವರ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ ಒಂದು ತಿಂಗಳಿಗೆ ಮುಗಿಯಲಿಲ್ಲವಾಗಿ ವ್ರತಭಂಗವಾಯಿತು. ಮಲೆನಾಡಿನ ಮಳೆಯನ್ನು ಪಂಚಾಂಗ ನೋಡಿ ನಿಲ್ಲಿಸಲಾದೀತೆ?

ಇಷ್ಟೇ ಆಗಿದ್ದರೆ ಈ ಕೈಪುಸ್ತಕವು ಹತ್ತರಲ್ಲಿ ಒಂದು. ಅದಕ್ಕೆ ಬೆಲೆ ಬಂದಿರುವುದು ಎರಡು ತಿಂಗಳ ಬರಹದಿಂದ.

ಮೊದಲನೆಯದು ಟಿ.ಕೆ. ರಾಮರಾಯರ ‘ಬಂಗಾರದ ಮನುಷ್ಯ’. ಸಿದ್ಧಲಿಂಗಯ್ಯನವರು 1972ರಲ್ಲಿ ತೆರೆಗೆ ತಂದ ಈ ಕಥೆ ಕನ್ನಡನಾಡಿನಲ್ಲಿ ಯಾರಿಗೆ ತಿಳಿಯದು? ಅಕ್ಕನ ಸಂಸಾರಕ್ಕೆ ಆಸರೆಯಾಗಿ ನಿಂತ ರಾಜೀವನು ಬರಡು ನೆಲವನ್ನು ಹಸನುಮಾಡುತ್ತಾನೆ, ಮನೆಯನ್ನು ಬೆಳೆಸುತ್ತಾನೆ, ಕಡೆಗೆ ಆಡಬಾರದ ಮಾತನ್ನು ಕೇಳಿ ಬರಿಗೈಯಲ್ಲಿ ಹೊರಟುಹೋಗುತ್ತಾನೆ. ಓದುಗರು ಅತ್ತರು. ಅತ್ತದ್ದಕ್ಕೆ ಕಾರಣವನ್ನೂ ಮರೆಮಾಚದೆ ಬರೆದಿದ್ದಾರೆ. ಯಲಹಂಕದ ಬಡಗಣ ಹಳ್ಳಿಯೊಂದರಲ್ಲಿ ಅವರ ತಂದೆಗೆ ದ್ರಾಕ್ಷಿಯ ತೋಟವಿತ್ತು. ಈ ಸೀಮೆಯ ಕಪ್ಪುನೀಲಿ ದ್ರಾಕ್ಷಿಗೆ ಬೆಂಗಳೂರಿನ ಹೆಸರೇ ಇದೆಯಷ್ಟೆ. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆಯಿತು, ಹೆಬ್ಬಾಳದಿಂದ ಬಡಗಲಿಗೆ ನೆಲದ ಬೆಲೆ ಗಗನಕ್ಕೇರಿತು, ತೋಟವು ಬಡಾವಣೆಯಾಯಿತು. ತಂದೆಯು ಚಪ್ಪರದ ಕಲ್ಲುಕಂಬಗಳನ್ನು ಮಾರುವಾಗ ಒಂದೊಂದನ್ನೂ ಕೈಯಿಂದ ಸವರಿದರಂತೆ. ಈ ನೆನಪಿನ ಭಾರದಿಂದ ಅವರು ಚಿತ್ರವನ್ನು ನೋಡಿದರು. ತಿಂಗಳ ಕೊನೆಗೆ ಯಶವಂತಪುರಕ್ಕೆ ಸಮೀಪದ ಕಂಠೀರವ ಸ್ಟುಡಿಯೋಗೆ ಹೋಗಿ ರಾಜ್‌ಕುಮಾರರ ಸಮಾಧಿಗೆ ಕೈಮುಗಿದು ಬಂದರು. ಕಾದಂಬರಿಯ ವಿಷಯ ಈ ಬರಹದಲ್ಲಿ ಬಹಳ ಕಡಮೆ. ತಂದೆಯೇ ರಾಜೀವನಾದಮೇಲೆ ಗ್ರಂಥವಿಮರ್ಶೆಗೆ ಎಡೆಯೆಲ್ಲಿ?

ಎರಡನೆಯದು ಮಾಘಮಾಸದ್ದು: ಶಿವರಾಮ ಕಾರಂತರ ‘ಚೋಮನ ದುಡಿ’. ಕಾದಂಬರಿ 1933ರದು; ಬಿ.ವಿ. ಕಾರಂತರ ಚಿತ್ರ 1975ರದು, ಚೋಮನಾದವರು ಎಂ.ವಿ. ವಾಸುದೇವರಾಯರು. ಮೊದಲ ದಿನದ ಬರಹ ನಾಲ್ಕೇ ಸಾಲು: ಚಿತ್ರವು ನಿಧಾನ, ಕಥೆಯು ಶುಷ್ಕ, ಕಣ್ಣೀರು ಬರಲಿಲ್ಲ. ಇದಕ್ಕೆ ಸ್ಥಳವೂ ಕಾರಣವಾಗಿರಬಹುದು. ಕಚೇರಿಯಿಂದ ಮರಳುವಾಗ ಹೆಬ್ಬಾಳದ ಮೇಲುಸೇತುವೆಯ ಮೇಲೆ ಬಸ್ಸು ನಿಂತಲ್ಲೇ ನಿಂತಿದ್ದಾಗ, ಸುತ್ತಲೂ ವಾಹನಗಳು ಒರಲುತ್ತಿರುವಾಗ, ಮೊಬೈಲಿನ ಅಂಗೈಯಗಲದ ತೆರೆಯಲ್ಲಿ ಅವರು ಅದನ್ನು ನೋಡಿದ್ದರು. ದುಡಿಯ ನಾದವು ಅಲ್ಲಿ ಡಬ್ಬಿ ಬಡಿದಂತೆ ಕೇಳಿತಂತೆ. ಕೃತಿಯನ್ನು ಹಳಿಯುವವರು ತಾವು ಅದನ್ನು ಎಲ್ಲಿ ಕುಳಿತು ಸವಿದೆವೆಂಬುದನ್ನೂ ಹೇಳಿದರೆ ಲೋಕಕ್ಕೆ ಉಪಕಾರವಾದೀತು.

ಮೂರು ದಿನಗಳ ಮೇಲೆ ಅವರು ಮನೆಯಲ್ಲಿ, ರಾತ್ರಿ, ಎಲ್ಲರೂ ಮಲಗಿದ ಬಳಿಕ ಚಿತ್ರವನ್ನು ಮತ್ತೆ ನೋಡಿದರು. ಪುಸ್ತಕವನ್ನು ಮತ್ತೆ ತೆರೆದರು. ಈ ಸಲದ ಬರಹ ಹನ್ನೊಂದು ಪುಟ. ಚೋಮನಿಗೆ ಎರಡು ಎತ್ತುಗಳಿವೆ, ಉಳುವ ಆಸೆಯಿದೆ, ತೋಳಿನಲ್ಲಿ ಕಸುವಿದೆ. ಹೊಲೆಯನಾಗಿ ಹುಟ್ಟಿದವನಿಗೆ ಬೇಸಾಯ ಸಲ್ಲದೆಂಬ ಕಟ್ಟಳೆಯೊಂದು ಎದುರಿಗೆ ನಿಂತಿದೆ. ಸಂಕಪ್ಪಯ್ಯನು ಕೆಟ್ಟವನೂ ಅಲ್ಲ. ಅವನ ಮನಸ್ಸು ಕರಗುವಂತಿದ್ದರೂ ತಾಯಿಯ ಮಾತನ್ನು ಮೀರಲಾರ. ಸಾಲ ತೀರಿಸಲು ಮಕ್ಕಳು ಕಾಫಿಯ ತೋಟಕ್ಕೆ ಹೋಗುತ್ತಾರೆ. ಒಬ್ಬನು ಜ್ವರಕ್ಕೆ ತುತ್ತಾಗುತ್ತಾನೆ, ಒಬ್ಬನು ಮತವನ್ನು ಬಿಡುತ್ತಾನೆ. ಇನ್ನೊಬ್ಬನು ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರಿಲ್ಲ. ಈ ಒಂದೊಂದು ಘಟ್ಟವನ್ನೂ ಕಾರಂತರು ದನಿಯೇರಿಸದೆ ಹೇಳಿರುವರೆಂದೂ, ಮೊದಲು ಶುಷ್ಕತೆಯೆಂದು ತೋರಿದ್ದು ಅದೇ ಎಂದೂ ಓದುಗರು ಒಪ್ಪಿಕೊಂಡಿದ್ದಾರೆ. ‘ಬಂಗಾರದ ಮನುಷ್ಯ’ವು ನೋಡುವವನನ್ನು ರಾಜೀವನ ಪಕ್ಕದಲ್ಲಿ ನಿಲ್ಲಿಸಿ ಅಳಿಸುತ್ತದೆ. ‘ಚೋಮನ ದುಡಿ’ಯು ಅಂತಹ ಉಪಚಾರವನ್ನು ಮಾಡದು. ಅದು ಜಮೀನುಳ್ಳವನ ಮಗನನ್ನು ಸಂಕಪ್ಪಯ್ಯನ ಜಗುಲಿಯ ಮೇಲೆ ಕೂರಿಸಿ, ಅಂಗಳದಲ್ಲಿ ನಿಂತ ಚೋಮನನ್ನು ನೋಡೆನ್ನುತ್ತದೆ.

ಇದನ್ನು ಬರೆಯುತ್ತಿರುವಾಗಲೇ ಅವರಿಗೆ ತಮ್ಮ ದ್ರಾಕ್ಷಿಯ ತೋಟವು ಮತ್ತೆ ನೆನಪಾಯಿತು. ಆ ತೋಟದಲ್ಲಿ ಗುಂಡಿ ತೋಡಿದವರು ಯಾರು? ಬಳ್ಳಿಗಳಿಗೆ ಔಷಧ ಹೊಡೆದವರು ಯಾರು? ಊರಾಚೆಯ ಕೇರಿಯಿಂದ ಬೆಳಗ್ಗೆ ಬಂದು, ತೆಂಗಿನ ಚಿಪ್ಪಿನಲ್ಲಿ ನೀರು ಕುಡಿದು, ಸಂಜೆ ಕೂಲಿ ಹಿಡಿದು ಹೋಗುತ್ತಿದ್ದವರಿಗೆ ತೋಟವನ್ನು ಮಾರಿದ ದಿನ ಸಂದದ್ದು ಏನು? ಆಷಾಢದ ಬರಹದಲ್ಲಿ, ಅಷ್ಟೊಂದು ಕಣ್ಣೀರಿನ ನಡುವೆ, ಅವರಲ್ಲಿ ಒಬ್ಬರ ಪ್ರಸ್ತಾಪವೂ ಬಂದಿರಲಿಲ್ಲ.

ಇಲ್ಲಿ ಅವರು ತಂದೆಯನ್ನು ದೂರಿಲ್ಲ, ತಮ್ಮನ್ನು ಹಳಿದುಕೊಂಡು ಪುಣ್ಯ ಕಟ್ಟಿಕೊಂಡೂ ಇಲ್ಲ. ಪುನಃ ಪುಸ್ತಕಕ್ಕೇ ಹಿಂದಿರುಗಿ, ಸಂಕಪ್ಪಯ್ಯನಿರುವ ಸನ್ನಿವೇಶಗಳನ್ನೆಲ್ಲ ಎರಡನೆಯ ಸಲ ಓದಿ, ಅವನ ಮೃದುತ್ವವೇ ಚೋಮನಿಗೆ ಹೇಗೆ ಹೆಚ್ಚು ಕ್ರೂರವಾಗುತ್ತದೆಂದು ವಾಕ್ಯವಾಕ್ಯವಾಗಿ ಗುರುತುಮಾಡಿದ್ದಾರೆ. ಒರೆಗಲ್ಲನ್ನು ಕೇಳಿದ ಪಂಡಿತರು ಈ ಪುಟಗಳನ್ನು ನೋಡಬೇಕು. ಬಿ.ವಿ. ಕಾರಂತರ ಚಿತ್ರದಲ್ಲಿ ಸಂಕಪ್ಪಯ್ಯನಿಗಿಂತ ಚೋಮನ ಮುಖಕ್ಕೆ ಹೆಚ್ಚು ಎಡೆ ದೊರೆತಿರುವುದನ್ನೂ, ಅದರಿಂದ ಗುಡಿಸಲೊಳಗಣ ಕತ್ತಲೆಗೆ ಬಲಬಂದು ಜಗುಲಿಯ ಮೇಲಿನ ಸಂಕೋಚ ಹಿಂದುಳಿದುದನ್ನೂ ಅವರು ಎತ್ತಿಹೇಳಿರುವುದು ಸೂಕ್ಷ್ಮವಾದ ಮಾತು. ಆ ಹೊತ್ತಿಗೆ ಯಾವುದು ಮೇಲೆಂಬ ಪ್ರಶ್ನೆಯೇ ಅವರಿಗೆ ಮರೆತುಹೋಗಿತ್ತು.

ಫಾಲ್ಗುಣದ ಬರಹ ಸಾಧಾರಣವಾದುದು, ಆಯಾಸವು ಕಾಣುತ್ತದೆ. ಆದರೆ ವ್ರತ ಮುಗಿದಮೇಲೆ ಅವರು ಆಷಾಢದ ಪುಟಕ್ಕೆ ಹಿಂದಿರುಗಿ, ರಾಜ್‌ಕುಮಾರರ ಸಮಾಧಿಯ ವರ್ಣನೆಯ ಕೆಳಗೆ, ಬೇರೊಂದು ಶಾಯಿಯಲ್ಲಿ, ತೋಟದಲ್ಲಿ ದುಡಿದವರ ಹೆಸರುಗಳನ್ನು ನೆನಪಿನಿಂದ ಬರೆಯಲು ತೊಡಗಿದ್ದಾರೆ. ಮೂರು ಹೆಸರುಗಳಿವೆ. ನಾಲ್ಕನೆಯ ಸಾಲಿನಲ್ಲಿ, ಔಷಧದ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಉದ್ದನೆಯ ಮನುಷ್ಯ ಎಂದಷ್ಟೇ ಇದೆ. ಹೆಸರಿಗೆ ಬಿಟ್ಟ ಜಾಗವು ಇನ್ನೂ ಹಾಗೆಯೇ ಖಾಲಿಯಾಗಿದೆ.