ತಲೆಯೆಣಿಕೆಗೆ ಸಿಗದ ಎರಡು ಭಾಷೆಗಳು

ಭಾಷೆಯ ಅಳಿವು ಉಳಿವಿನ ಮಾತು ಬಂದಾಗಲೆಲ್ಲ ನಾವು ಮೊದಲು ಕೈಹಾಕುವುದು ಜನಗಣತಿಗೆ. 2011ರಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 4.37 ಕೋಟಿ. ಇಷ್ಟು ಜನ ಇರುವಾಗ ಭಯವೇಕೆ ಎಂದು ಕೆಲವರು ಕೇಳುತ್ತಾರೆ. ಪಾಲು ಕುಗ್ಗುತ್ತಿದೆಯಲ್ಲ ಎಂದು ಇನ್ನು ಕೆಲವರು ಕೊರಗುತ್ತಾರೆ. ಇಬ್ಬರೂ ನಂಬುವುದು ಸಂಖ್ಯೆಯನ್ನೇ. ಈ ನಂಬಿಕೆಯನ್ನು ಪರೀಕ್ಷಿಸಲು, ಒಂದಕ್ಕೊಂದು ಯಾವ ನಂಟೂ ಇಲ್ಲದ ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಅನಿಸುತ್ತದೆ: ಜಾವಾನೀಸ್ ಮತ್ತು ಜೆಕ್.

ನಾನಿರುವ ಸಿಂಗಪುರಕ್ಕೆ ಜಾವಾ ದ್ವೀಪ ದೂರವಲ್ಲ. ಅಲ್ಲಿನ ಭಾಷೆಯನ್ನಾಡುವವರು ಏಳೆಂಟು ಕೋಟಿ ಜನ. ಸಾವಿರ ವರ್ಷಕ್ಕೂ ಹಳೆಯ ಸಾಹಿತ್ಯ, ನಮ್ಮ ಲಿಪಿಯಂತೆಯೇ ಬ್ರಾಹ್ಮಿಯಿಂದ ಇಳಿದು ಬಂದ 'ಹ ನ ಚ ರ ಕ' ಅಕ್ಷರಮಾಲೆ, ಅರಮನೆಗಳು, ನೆರಳು ಬೊಂಬೆಯಾಟ, ಎಲ್ಲವೂ ಅದಕ್ಕಿವೆ. ಆದರೂ ಅದು ಯಾವ ದೇಶದ ರಾಷ್ಟ್ರಭಾಷೆಯೂ ಅಲ್ಲ. ಜೆಕ್ ಆಡುವವರು ಸುಮಾರು ಒಂದು ಕೋಟಿ. ನ್ಯಾಯಾಲಯ, ವಿಶ್ವವಿದ್ಯಾಲಯ, ವೈದ್ಯಶಾಸ್ತ್ರ ಎಲ್ಲವೂ ಆ ಭಾಷೆಯಲ್ಲಿ ನಡೆಯುತ್ತವೆ. 2004ರಿಂದ ಅದು ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲೊಂದು.

ಇದರಿಂದ ಸುಲಭವಾಗಿ ಹೊರಡುವ ನೀತಿಪಾಠವೆಂದರೆ, ಜೆಕ್ಕರಿಗೆ ಅಭಿಮಾನವಿತ್ತು, ಜಾವಾದವರಿಗೆ ಇರಲಿಲ್ಲ ಎಂಬುದು. ನಮ್ಮ ರಾಜ್ಯೋತ್ಸವದ ಭಾಷಣಗಳಿಗೆ ಒಪ್ಪುವ ಮಾತಿದು. ಆದರೆ ಇದನ್ನು ನಾನು ಒಪ್ಪಲಾರೆ.

ಜಾವಾನೀಸ್‌ನಲ್ಲಿ ಬಾಯಿ ತೆರೆಯುವ ಮೊದಲೇ ಎದುರಿನವರ ಎತ್ತರ ಅಳೆಯಬೇಕು. ಸಮಾನರ ಸಲಿಗೆಯ ಮಾತು 'ಙೊಕೊ'. ವಿನಯದ ಮಾತು 'ಕ್ರಮ'. ಇದು ನಮ್ಮ ನೀನು-ನೀವುಗಳ ಮಟ್ಟದಲ್ಲಿ ನಿಲ್ಲುವುದಿಲ್ಲ, ನಿತ್ಯದ ಪದಗಳೇ ಬದಲಾಗುತ್ತವೆ. ತಿನ್ನುವುದಕ್ಕೆ ಸಲಿಗೆಯಲ್ಲಿ 'ಮಙನ್', ವಿನಯದಲ್ಲಿ 'ನೆಧ', ಗೌರವಾನ್ವಿತರು ತಿಂದರೆ 'ಢಹರ್'. ಮನೆಗೆ 'ಒಮಹ್', 'ಗ್ರಿಯ', 'ದಲೆಮ್'. ಇವುಗಳಲ್ಲಿ ಗ್ರಿಯ ನಮ್ಮ ಗೃಹವೇ. ದೊಡ್ಡವರ ಮನೆ ದಲೆಮ್. ನನ್ನ ಮನೆಯನ್ನು ಹಾಗೆ ಕರೆದುಕೊಂಡರೆ ಉದ್ಧಟತನ. ಇದೊಂದು ಸೂಕ್ಷ್ಮ ಸಂಸ್ಕೃತಿ, ನಿಜ. ಆದರೆ ಒಬ್ಬ ರೈತ, ಒಬ್ಬ ಅಧಿಕಾರಿ, ಒಬ್ಬ ಅಪರಿಚಿತ ಸರಿಸಮನಾಗಿ ಕುಳಿತು ವಾದ ಮಾಡಬೇಕಾದಾಗ ಅವರು ಯಾವ ಮಾತಿನಲ್ಲಿ ವಾದಿಸಬೇಕು?

ಈ ಪ್ರಶ್ನೆ ಜಾವಾದವರಿಗೇ ಹೊಳೆದಿತ್ತು. ಕ್ರಮವನ್ನು ಕೈಬಿಟ್ಟು ಎಲ್ಲರೂ ಙೊಕೊದಲ್ಲೇ ಮಾತಾಡೋಣ ಎಂಬ 'ಜಾವಾ ದ್ವೀಪ' ಚಳವಳಿ 1917ರಲ್ಲಿ ಸುರಬಾಯದಲ್ಲಿ ಹುಟ್ಟಿತು, ಅದು ಗೆಲ್ಲಲಿಲ್ಲ. 1928ರ ಅಕ್ಟೋಬರ್ 28ರಂದು ಬಟಾವಿಯಾದಲ್ಲಿ ಸೇರಿದ ಯುವಜನರು ಪ್ರತಿಜ್ಞೆ ಮಾಡಿದಾಗ ಐಕ್ಯದ ಭಾಷೆಯಾಗಿ ಆರಿಸಿದ್ದು ಬಹುಸಂಖ್ಯಾತರ ಜಾವಾನೀಸನ್ನಲ್ಲ, ಬಂದರು-ಸಂತೆಗಳ ಮಲಯವನ್ನು. ಅದಕ್ಕೆ ಇಂಡೊನೇಷ್ಯಾದ ಭಾಷೆ ಎಂದು ಹೆಸರಿಟ್ಟರು. ಜಾವಾದ ಬ್ಲೋರಾದಲ್ಲಿ ಹುಟ್ಟಿದ ಪ್ರಮುದ್ಯ ಅನಂತ ತೂರ್ ಕಾದಂಬರಿಗಳನ್ನು ಬರೆದದ್ದೂ ಆ ಭಾಷೆಯಲ್ಲೇ. ಅವರ 'ಬೂಮಿ ಮನುಸಿಯ'ದಲ್ಲಿ ನಾಯಕ ಮಿಂಕೆ ತನ್ನ ತಂದೆಯ ಮುಂದೆಯೇ ನೆಲದ ಮೇಲೆ ತೆವಳಿ ಹೋಗಬೇಕಾಗುತ್ತದೆ. ಆ ಪುಟಗಳನ್ನು ಓದಿದವರಿಗೆ, ಲೇಖಕನೊಬ್ಬ ತಾಯ್ನುಡಿಯನ್ನು ಬಿಟ್ಟು ಬರೆಯುವುದಕ್ಕೆ ತಾತ್ಸಾರವೊಂದೇ ಕಾರಣವಾಗಬೇಕಿಲ್ಲ ಎಂಬುದು ತಿಳಿಯುತ್ತದೆ. ಅದು ಬೆನ್ನು ನೆಟ್ಟಗೆ ಮಾಡುವ ಕೆಲಸವೂ ಇರಬಹುದು.

ಜೆಕ್ ಕಥೆ ಬೇರೆ. ಅಲ್ಲಿ ಏಣಿಯ ಮೇಲಿನ ಮೆಟ್ಟಿಲಲ್ಲಿದ್ದದ್ದು ಪರಭಾಷೆಯಾದ ಜರ್ಮನ್. 1620ರ ಬಿಳಿಬೆಟ್ಟದ ಯುದ್ಧದಲ್ಲಿ ಸೋತ ಮೇಲೆ ಜೆಕ್ ಕ್ರಮೇಣ ಹಳ್ಳಿಯ, ಅಡುಗೆಮನೆಯ ಭಾಷೆಯಾಯಿತು. ಅದಕ್ಕೆ 1809ರಲ್ಲಿ ದೊಡ್ಡ ವ್ಯಾಕರಣ ಬರೆದ ಯೋಸೆಫ್ ದೊಬ್ರೊವ್‌ಸ್ಕಿ ಕೂಡ ಬರೆದದ್ದು ಜರ್ಮನ್‌ನಲ್ಲಿ. ಆತನ ನಂತರದ ಯೋಸೆಫ್ ಯುಂಗ್‌ಮನ್ 1811ರಲ್ಲಿ ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಅನ್ನು ಜೆಕ್‌ಗೆ ತಂದು, ಈ ಭಾಷೆ ಏನನ್ನು ಹೊರಬಲ್ಲದು ಎಂದು ತೋರಿಸಿದ. ನಮ್ಮ ಬಿ.ಎಂ.ಶ್ರೀ. 'ಇಂಗ್ಲಿಷ್ ಗೀತಗಳು' ಮೂಲಕ ಮಾಡಿದ ಸಾಹಸದ ಜಾತಿಯದು ಇದು. 1835ರಿಂದ 1839ರವರೆಗೆ ಐದು ಸಂಪುಟಗಳ ನಿಘಂಟನ್ನೂ ಆತ ತಂದ. ಇಲ್ಲದ ಪದಗಳನ್ನು ಆ ಕಾಲದವರು ನೆರೆಯ ಸ್ಲಾವ್ ಭಾಷೆಗಳಿಂದ ಸಾಲ ತಂದರು. ಗಾಳಿಗೆ 'ವ್ಜ್‌ದುಖ್', ನಿಸರ್ಗಕ್ಕೆ 'ಪ್ರಿರೊದ' ರಷ್ಯನ್‌ನಿಂದ ಬಂದವು. ಜನರ ವಂತಿಗೆಯಿಂದ ಕಟ್ಟಿದ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರ 1881ರಲ್ಲಿ ಸುಟ್ಟುಹೋದಾಗ ಮತ್ತೆ ವಂತಿಗೆ ಎತ್ತಿ 1883ರಲ್ಲಿ ತೆರೆದರು.

ಆದರೆ ಆ ಗೆಲುವಿಗೂ ಬೆಲೆಯಿತ್ತು. ದೊಬ್ರೊವ್‌ಸ್ಕಿ ಮಾದರಿಯಾಗಿ ಹಿಡಿದದ್ದು 16ನೆಯ ಶತಮಾನದ ಭಾಷೆಯನ್ನು. ಜನರ ಬಾಯಿ ಅಷ್ಟರಲ್ಲಿ ಮುಂದೆ ಸಾಗಿತ್ತು. ಹಾಗಾಗಿ ಇಂದಿಗೂ ಪುಸ್ತಕದ ಜೆಕ್ ಬೇರೆ, ಬೀದಿಯ ಜೆಕ್ ಬೇರೆ. ಕಿಟಕಿ ಬರಹದಲ್ಲಿ 'ಒಕ್ನೊ', ಪ್ರಾಗ್‌ನ ಬಾಯಲ್ಲಿ 'ವೊಕ್ನೊ'. 'ಒಂದು' ಎಂದು ಬರೆದು 'ವೊಂದು' ಎನ್ನುವ ನಮಗೆ ಇದು ಅಚ್ಚರಿಯಲ್ಲ. ಈ ಬಿರುಕನ್ನು ಸಾಹಿತ್ಯವಾಗಿಸಿದವನು ಯಾರೊಸ್ಲಾವ್ ಹಾಶೆಕ್. ಅವನ ಸೈನಿಕ ಶ್ವೇಕ್ ಬೀದಿಯ ಮಾತನ್ನೇ ಆಡುತ್ತಾನೆ, ನಿರೂಪಣೆ ಬರಹದ ಭಾಷೆಯಲ್ಲಿ ಸಾಗುತ್ತದೆ. ಸಾಮ್ರಾಜ್ಯದ ಗಾಂಭೀರ್ಯ ಕರಗುವುದು ಇವೆರಡರ ನಡುವಿನ ಸಂದಿಯಲ್ಲಿ.

ಎರಡನ್ನೂ ಒಟ್ಟಿಗೆ ನೋಡಿದಾಗ ನನಗೆ ಕಾಣುವುದು ಇಷ್ಟು. ಜೆಕ್ಕರು ಮೇಲೇರಲು ತಮ್ಮ ಭಾಷೆಯನ್ನು ಕಟ್ಟಿದರು. ಜಾವಾದವರು ಸಮಾನರಾಗಲು ತಮ್ಮ ಭಾಷೆಯನ್ನು ಬದಿಗಿಟ್ಟರು. ಎರಡೂ ಘನತೆಯ ಹುಡುಕಾಟವೇ. ಜಾವಾದವರ ಆಯ್ಕೆ ನ್ಯಾಯವಾದದ್ದು, ಆದರೆ ನಷ್ಟವೂ ನಿಜ: ಕ್ರಮದಲ್ಲಿ ತಪ್ಪೀತೆಂಬ ಅಂಜಿಕೆಯಿಂದ ಹಿರಿಯರೊಡನೆ ಇಂಡೊನೇಷ್ಯನ್‌ಗೆ ಜಾರಿಕೊಳ್ಳುವ ಕಿರಿಯರು ಅಲ್ಲಿ ಹೇರಳ. ಏಳೆಂಟು ಕೋಟಿಯ ಲೆಕ್ಕ ಈ ಅಂಜಿಕೆಗೆ ಮದ್ದಲ್ಲ.

ಹೊರನಾಡಿನ ನಮ್ಮ ಮನೆಗಳಲ್ಲೂ ಇದರ ಸಣ್ಣ ರೂಪವಿದೆ. ಅಜ್ಜನಿಗೆ 'ನೀನು' ಎಂದ ಮಗುವನ್ನು ನೋಡಿ ಎಲ್ಲರೂ ನಗುತ್ತಾರೆ. ಮುಂದಿನ ಸಲ ಮಗು ಇಂಗ್ಲಿಷಿನ 'ಯೂ'ಗೆ ಸರಿಯುತ್ತದೆ, ಅಲ್ಲಿ ತಪ್ಪಾಗುವ ಭಯವಿಲ್ಲ. ಕನ್ನಡ ಕಲಿ ತರಗತಿಗಳಲ್ಲಿ ನಾವು ಜೆಕ್ಕರ ಪಾಠವನ್ನು ಚೆನ್ನಾಗಿ ಕಲಿತಿದ್ದೇವೆ: ನಿಘಂಟು, ನಾಟಕ, ವಂತಿಗೆ. ಜಾವಾದ ಪಾಠ ಬಾಕಿಯಿದೆ. ಮಗು ತಪ್ಪು ಕನ್ನಡದಲ್ಲಿ ನಮ್ಮೊಡನೆ ಜಗಳವಾಡಲಿ. ಬಹುವಚನ ನಿಧಾನವಾಗಿ ಬಂದೀತು.